ಸೋಮವಾರದ ಒಂದು ಹೊತ್ತಿನ ಊಟ

ನಾಲತವಾಡದ ಬಜಾರದಲ್ಲಿ ಮೈಕು ಕಟ್ಟಿದರೆ ಜನ ಕೂಡುತ್ತಾರೆ, ಚಪ್ಪಾಳೆ ಬೀಳುತ್ತವೆ. ಮರುದಿನ ಚಹಾದಂಗಡಿಯಲ್ಲಿ 'ಏನ್ ಮಾತಾಡಿದ್ರಪಾ ಸಾಹೇಬ್ರು!' ಅನ್ನುವವರನ್ನು 'ಏನಂದ್ರು?' ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ಭಾಷಣ ಕೇಳಿ ಮೈ ಜುಮ್ಮೆನ್ನುವುದು ಬೇರೆ, ಕೇಳಿದವ ಮನೆಗೆ ಹೋಗಿ ಏನಾದರೂ ಮಾಡುವುದು ಬೇರೆ.

ಹಾಗೆ ಮಾಡಿಸಿದ ಪುಢಾರಿಯೊಬ್ಬರು ಈ ಸೀಮೆಗೂ ಬಂದುಹೋಗಿದ್ದಾರೆ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟವರು ಲಾಲ್ ಬಹಾದ್ದೂರ ಶಾಸ್ತ್ರಿ. ಆಗ ಅವರು ಖಾತೆಯಿಲ್ಲದ ಕೇಂದ್ರ ಮಂತ್ರಿ. ಐದೇ ದಿನಕ್ಕೆ ನೆಹರೂ ತೀರಿಕೊಂಡರು, ಜೂನ್ 9ಕ್ಕೆ ಇವರು ಪ್ರಧಾನಿಯಾದರು. ಮರುವರ್ಷ ಪಾಕಿಸ್ತಾನದ ಜೋಡಿ ಯುದ್ಧ. ಅದರ ಮೇಲೆ ಮಳೆ ಕೈಕೊಟ್ಟು, ಅಮೆರಿಕೆಯ ಗೋದಿಗೆ ಕೈಯೊಡ್ಡುವ ಹೊತ್ತು. ಆ ಗಿಡ್ಡ ಮನುಷ್ಯ ಗುಡುಗುವ ಮಾತುಗಾರನಲ್ಲ. ವಾರಕ್ಕೊಂದು ಹೊತ್ತು ಊಟ ಬಿಡಿರಿ ಎಂದು ದೇಶವನ್ನು ಕೇಳಿದರು. ಕೇಳುವ ಮೊದಲು ತಮ್ಮ ಮನೆಯ ಒಲೆ ಆರಿಸಿ ನೋಡಿದರು. ಸೋಮವಾರ ಸಂಜೆ ಎಷ್ಟೋ ಊರುಗಳಲ್ಲಿ ಹೋಟೆಲುಗಳು ಬಾಗಿಲು ಹಾಕಿದವು.

ಬರಗಾಲದ ವಿಜಾಪುರ ಜಿಲ್ಲೆಯ ಕೂಲಿಯವನಿಗೆ ಹೊತ್ತು ಬಿಡುವುದೇನು ಹೊಸದೆ? 'ನಮಗ ದಿನಾ ಸೋಮಾರಾನ ಐತ್ರಿ' ಅಂದಿದ್ದರೂ ತಪ್ಪಿರಲಿಲ್ಲ. ಅಂಥವನನ್ನು ಕೇಳುವ ಹಕ್ಕು ಯಾವ ಪ್ರಧಾನಿಗೂ ಇಲ್ಲ. ಆದರೆ ಆ ಮಾತು ಇದ್ದದ್ದು ತುಂಬಿದ ತಾಟಿನ ಮುಂದೆ ಕುಂತವನಿಗೆ. ಉಂಡವನನ್ನು ಹಸಿದವನ ಪಂಕ್ತಿಯಲ್ಲಿ ಕೂಡಿಸಿದ ಭಾಷಣ ಅದು. ಜನ ನಂಬಿದ್ದಕ್ಕೂ ಕಾರಣವಿತ್ತು. 1956ರಲ್ಲಿ ಅರಿಯಲೂರಿನಲ್ಲಿ ರೈಲು ಬಿದ್ದಾಗ ಹಳಿ ತಿದ್ದುವವನು ತಾನಲ್ಲ ಎನ್ನದೆ ಮಂತ್ರಿಗಿರಿ ಬಿಟ್ಟವರು ಇದೇ ಶಾಸ್ತ್ರಿ.

ಅವರಿಟ್ಟ ಕಲ್ಲಿನ ಕತೆ ಬೇರೆ. ನಾರಾಯಣಪುರದ ಆಣೆಕಟ್ಟು ಮುಗಿಯಲು 1982 ಬಂತು. ಆಲಮಟ್ಟಿಯನ್ನು ರಾಷ್ಟ್ರಪತಿ ಕಲಾಂ ನಾಡಿಗೆ ಒಪ್ಪಿಸಿದ್ದು 2006ರಲ್ಲಿ, ಅಡಿಗಲ್ಲಿಗೆ 42 ವರ್ಷ ತುಂಬಿದ ಮೇಲೆ. ನಡುವೆ ಹೊಲ ಹೋದವು, ಹಳ್ಳಿ ಹೋದವು, ಹಳೇ ಬಾಗಲಕೋಟೆಯ ಓಣಿಗಳು ಹೋದವು. ಅವರಿಗೂ ಭಾಷಣಗಳಿದ್ದವು: ನಾಡಿಗಾಗಿ ತ್ಯಾಗ ಮಾಡಿರಿ! ಹಾಗಂದವರ ಮನೆಯ ಹೊಸ್ತಿಲಿಗೆ ಮಾತ್ರ ಹಿನ್ನೀರು ಬರಲಿಲ್ಲ.

ಈಗ 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು. 2010ರಲ್ಲೇ ನ್ಯಾಯಮಂಡಳಿ ಒಪ್ಪಿದೆ. ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಏರಿಸಿದರೆ ಮತ್ತಷ್ಟು ಹೊಲ ಮುಳುಗುವುದೂ ಅಷ್ಟೇ ಖರೆ. ಆದ್ದರಿಂದ ಎತ್ತರದ ಬಗ್ಗೆ ಎದೆ ತಟ್ಟಿ ಮಾತಾಡುವವರು ನಾಲತವಾಡಕ್ಕೆ ಬಂದಾಗ, ಚಪ್ಪಾಳೆಗೆ ಮೊದಲು ಯಾರಾದರೂ ಎದ್ದು ನಿಂತು ಎರಡು ಪ್ರಶ್ನೆ ಕೇಳಲಿ. ಪರಿಹಾರದ ಚೆಕ್ಕು ನೀರಿಗಿಂತ ಮೊದಲು ಬರ್ತದೋ, ಆಮ್ಯಾಲೋ? ಮತ್ತ, ಸಾಹೇಬ್ರ, ನಿಮ್ಮ ಮನಿಯಿಂದ ಏನ್ ಬಿಡ್ತೀರಿ?