ಸೌದೆ ಗಾಡಿಗೆ ತೂಕ ಹೇಳುವವರು ಯಾರು?

ಚಂದ್ರವಳ್ಳಿ ಕಡೆ ಸಂಜೆ ಬಸ್ಸಿಗೆ ನಿಂತವರಿಗೆ ಸೌದೆ ಪಿಕಪ್ ಬರುತ್ತಿರುವುದು ಗೊತ್ತಾಗುವುದು ಗಾಡಿ ಕಂಡಲ್ಲ, ಗುಡ್ಡೆ ಕಂಡು. ಕ್ಯಾಬಿನ್ನಿನ ತಲೆ ಮೇಲೆ ಇನ್ನೊಂದು ಕ್ಯಾಬಿನ್ನಿನಷ್ಟು ಎತ್ತರಕ್ಕೆ ಬಳ್ಳಾರಿ ಜಾಲಿ ಒಟ್ಟಿರುತ್ತದೆ. ಎರಡೂ ಬದಿಗೆ ಕೊಂಬೆ ಚಾಚಿರುತ್ತವೆ, ಅವಕ್ಕೆ ಮುಳ್ಳು ಬೇರೆ. ಹಿಂಬಾಗಿಲನ್ನು ಸರಪಳಿಯಲ್ಲಿ ಜೋತುಬಿಟ್ಟು ಅದರ ಮೇಲೂ ಎರಡಡಿ ಹೇರಿರುತ್ತಾರೆ. ಹಿಂದಿನ ಕೆಂಪು ದೀಪ ಯಾವ ಕೊಂಬೆಯ ಹಿಂದೆ ಅಡಗಿದೆಯೋ ಆ ಉಚ್ಚಂಗಮ್ಮನಿಗೇ ಗೊತ್ತು. ಇಷ್ಟೆಲ್ಲದರ ನೆತ್ತಿಯ ಮೇಲೆ ಹಗ್ಗ ಹಿಡಿದುಕೊಂಡು ಇಬ್ಬರು ಹಮಾಲರು. ಹಿಂದುಗಡೆ ಭಾರಕ್ಕೆ ಕುಸಿದ ಗಾಡಿ ಮೂತಿ ಮೇಲೆತ್ತಿರುವುದರಿಂದ ಹೆಡ್‌ಲೈಟು ರಸ್ತೆ ನೋಡುವುದಿಲ್ಲ, ಎದುರಿನ ಬಸ್ ಡ್ರೈವರನ ಕಣ್ಣು ನೋಡುತ್ತದೆ.

ಮನೆಯೊಲೆಗೆ ಗ್ಯಾಸ್ ಬಂತು, 2016ರಲ್ಲಿ ಉಜ್ವಲ ಯೋಜನೆ ಬಂತು, ಇನ್ನು ಸೌದೆ ಕಥೆ ಮುಗಿಯಿತು ಅಂತ ಬಹಳ ಮಂದಿ ತಿಳಿದಿದ್ದರು. ಮುಗಿದಿಲ್ಲ. ಬೇಕರಿಯ ಒಲೆ, ಕಲ್ಯಾಣಮಂಟಪದ ಕೊಪ್ಪರಿಗೆ, ಇಟ್ಟಿಗೆ ಗೂಡು, ಕಡೆಗೆ ಸ್ಮಶಾನ, ಇವಕ್ಕೆಲ್ಲ ಸೌದೆ ಬೇಕೇ ಬೇಕು. ಬೇಕು ಅಂದಮೇಲೆ ಬರಬೇಕು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲದಲ್ಲಿ ಜಾಲಿಗೇನು ಬರವಿಲ್ಲ. 1877ರ ಸುಮಾರಿಗೆ ಕಡಪ ಸೀಮೆಗೆ ಹೊರದೇಶದಿಂದ ಬೀಜ ತರಿಸಿ ಹಾಕಿದ ಈ ಮರ ಈಗ ಕಿತ್ತರೂ ಹೋಗದಂತೆ ಬೇರುಬಿಟ್ಟಿದೆ. ಅದನ್ನು ಕಡಿದು ಮಾರಿ ಹತ್ತಾರು ಸಂಸಾರ ಬದುಕಿದರೆ ಯಾರಿಗೂ ಹೊಟ್ಟೆಕಿಚ್ಚು ಬೇಡ. ತಕರಾರು ಸೌದೆಯ ಮೇಲಲ್ಲ, ಅದನ್ನು ಹೇರುವ ಪರಿಯ ಮೇಲೆ.

ಎತ್ತಿನ ಗಾಡಿಯ ಕಾಲದಲ್ಲಿ ತೂಕ ಹೇಳುವ ಕೆಲಸ ಎತ್ತಿನದಾಗಿತ್ತು. ಜಾಸ್ತಿ ಹೇರಿದರೆ ಎತ್ತು ಮೊಣಕಾಲೂರುತ್ತಿತ್ತು, ಯಜಮಾನ ನಾಲ್ಕು ತುಂಡು ಇಳಿಸುತ್ತಿದ್ದ. ಆಮೇಲೆ ಮ್ಯಾಟಡೋರ್ ಬಂತು, 1986ರಲ್ಲಿ ಟಾಟಾ 407 ಬಂತು. ಆ ಹಳೇ ಗಾಡಿಗಳಿಗೂ ಎತ್ತಿನ ಗುಣವೇ ಇತ್ತು. ಸುಳ್ಳು ಹೇಳುತ್ತಿರಲಿಲ್ಲ. ಮಿತಿ ಮೀರಿ ಹೇರಿದ ಮ್ಯಾಟಡೋರ್ ಉಬ್ಬು ಹತ್ತುವಾಗ ಏದುಸಿರು ಬಿಡುತ್ತಿತ್ತು, ರೇಡಿಯೇಟರ್ ಕುದಿಯುತ್ತಿತ್ತು, ಕ್ಲಚ್ಚು ಸುಟ್ಟ ವಾಸನೆ ಹೊಡೆಯುತ್ತಿತ್ತು. ಸ್ಟೇರಿಂಗು ತಿರುಗಿಸಲು ಡ್ರೈವರು ಎರಡೂ ತೋಳಿನ ಬಲ ಹಾಕಬೇಕಿತ್ತು. ‘ಇನ್ನು ಆಗಲ್ಲ ಮಾರಾಯ’ ಅಂತ ಗಾಡಿಯೇ ಹೇಳಿದ ಮೇಲೆ ಮನುಷ್ಯ ಕೇಳಲೇಬೇಕಿತ್ತು.

ಹೊಸ ಪಿಕಪ್ಪು ಹಾಗಲ್ಲ. 2005ರಲ್ಲಿ ಟಾಟಾ ಏಸ್ ಬಂತು, 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್ ಬಂತು, ಬೊಲೆರೊ ಪಿಕಪ್ಪಂತೂ ಹಳ್ಳಿ ಹಳ್ಳಿಯಲ್ಲೂ ನಿಂತಿದೆ. ಬೊಲೆರೊ ಜಾತಿಯ ಗಾಡಿಗೆ ಟರ್ಬೊ ಡೀಸೆಲ್ ಎಂಜಿನ್ನು, ಪವರ್ ಸ್ಟೇರಿಂಗು. ಒಂದಕ್ಕೆರಡು ಹೇರಿದರೂ ಮುಖ ಸಿಂಡರಿಸದೆ ಎಳೆಯುತ್ತದೆ. ಎಳೆಯಿತು ಅಂದಮೇಲೆ ಆಯಿತಲ್ಲ ಅನ್ನುವುದು ಡ್ರೈವರನ ಲೆಕ್ಕ. ಅಲ್ಲೇ ಇರುವುದು ಮೋಸ. ಎಳೆಯುವ ಎಂಜಿನ್ನು ಬೇರೆ, ನಿಲ್ಲಿಸುವ ಬ್ರೇಕು ಬೇರೆ. ಕಂಪನಿಯವರು ಬ್ರೇಕು, ಟೈರು, ಆಕ್ಸಲ್ಲು ಮಾಡಿರುವುದು ಆರ್‌ಸಿ ಬುಕ್ಕಿನಲ್ಲಿ ಬರೆದ ತೂಕಕ್ಕೆ, ಹಮಾಲರು ಒಟ್ಟಿದ ಗುಡ್ಡೆಗಲ್ಲ.

ಬುಕ್ಕಿನಲ್ಲಿ ಬರೆದ ತೂಕ ಎಷ್ಟು? ಏಸ್ ಬಂದಾಗ ಅದಕ್ಕೆ ಹೇಳಿದ ಹೊರೆ 750 ಕಿಲೊ. ದೊಡ್ಡ ಪಿಕಪ್ಪುಗಳಿಗೆ ಮಾಡೆಲ್ ನೋಡಿಕೊಂಡು ಒಂದೂಕಾಲು ಟನ್ನಿನಿಂದ ಎರಡು ಟನ್ನಿನ ಆಸುಪಾಸು. ಈಗ ಯಾರು ಬೇಕಾದರೂ ಒಂದು ಟೇಪು ತಂದು ಈ ಲೆಕ್ಕ ಹಾಕಬಹುದು. ಬಾಡಿ ಎಂಟಡಿ ಉದ್ದ, ಐದೂವರೆ ಅಡಿ ಅಗಲ ಅಂತಿಟ್ಟುಕೊಳ್ಳಿ. ಹಲಗೆ ಮುಳುಗುವಷ್ಟು, ಅಂದರೆ ಎರಡಡಿ ಎತ್ತರ ತುಂಬಿದರೆ 88 ಘನ ಅಡಿ, ಅದು ಎರಡೂವರೆ ಘನ ಮೀಟರ್. ಜಾಲಿ ಕೊಂಕು ಮರ, ಎಷ್ಟೇ ಜೋಡಿಸಿದರೂ ಅರ್ಧ ಮರ, ಅರ್ಧ ಗಾಳಿ. ಹಸಿ ಜಾಲಿ ಘನ ಮೀಟರಿಗೆ ಹೆಚ್ಚೂಕಮ್ಮಿ ಒಂದು ಟನ್ ತೂಗುತ್ತದೆ. ಹಾಗಾದರೆ ಬಾಡಿ ಮಟ್ಟಸವಾಗಿ ತುಂಬಿದಾಗಲೇ ಒಂದೂಕಾಲು ಟನ್ ಆಯಿತು! ನೋಡುವವರ ಕಣ್ಣಿಗೆ ಅದು ಅರ್ಧ ಲೋಡು. ‘ಇಷ್ಟೇನಾ? ಗಾಡಿ ಖಾಲಿ ಹೋಗ್ತಾ ಐತೆ’ ಅಂತ ನಗುತ್ತಾರೆ. ಐದಡಿ ಒಟ್ಟಿದರೆ ಮೂರು ಟನ್ ದಾಟಿತು. ಖಾಲಿ ಗಾಡಿಯ ತೂಕವೇ ಒಂದೂವರೆ ಟನ್ನಿನ ಮೇಲೆ. ಇಷ್ಟೂ ಸೇರಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವಾಗ ಡ್ರೈವರನ ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಗಾಡಿ ಸುಮಾರು 14 ಮೀಟರ್ ಮುಂದೆ ಬಂದಿರುತ್ತದೆ. ನಿಲ್ಲುವ ಕೆಲಸ ಅಲ್ಲಿಂದಾಚೆ ಶುರು.

ಕೆಲವರು ಗ್ಯಾರೇಜಿಗೆ ಹೋಗಿ ಹಿಂದಿನ ಸ್ಪ್ರಿಂಗಿಗೆ ಒಂದೆರಡು ಪ್ಲೇಟು ಜಾಸ್ತಿ ಹಾಕಿಸಿಕೊಂಡು ಬರುತ್ತಾರೆ. ಗಾಡಿ ಕುಸಿಯುವುದು ನಿಂತಿತು, ಇನ್ನೇನು ಭಯ ಅಂತ ಧೈರ್ಯ. ಪ್ಲೇಟು ಹಾಕಿದರೆ ಬಾಡಿ ಮೇಲೇಳುತ್ತದೆ, ನಿಜ. ಬ್ರೇಕು ಜಾಸ್ತಿಯಾಗುವುದಿಲ್ಲ, ಟೈರು ದಪ್ಪವಾಗುವುದಿಲ್ಲ. ಹೆಚ್ಚಾಯಿತು ಎಂದು ತೋರಿಸುತ್ತಿದ್ದ ಒಂದೇ ಒಂದು ಗುರುತನ್ನೂ ಅಳಿಸಿ ಹಾಕಿದಂತಾಯಿತು, ಅಷ್ಟೆ. ಜ್ವರ ಬಂದವನ ಥರ್ಮಾಮೀಟರ್ ಒಡೆದ ಹಾಗೆ.

ಹಾಗಂತ ಹಳೇ ಗಾಡಿ ಹಾಲು ಕುಡಿದ ಮಗು ಎಂದೇನೂ ಅಲ್ಲ. ಬೇರೆಡೆ ದುಡಿದು ಸುಸ್ತಾಗಿ, ಬಾಡಿಗೆ ಕುಸಿದ ಮೇಲೆ ಗಾಡಿಗಳು ಕಡೆಗೆ ಬಂದು ಬೀಳುವುದು ಸೌದೆ, ಇಟ್ಟಿಗೆ, ಗೊಬ್ಬರದ ಕೆಲಸಕ್ಕೆ. ತುಕ್ಕು ತಿಂದ ಚಾಸಿ, ಸವೆದ ಟೈರು, ಕಿಂಗ್‌ಪಿನ್ನು ಲಡಬಡ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕೆಂದು ನಿಯಮ ಹೇಳುತ್ತದೆ. ಮಾಡಿಸುತ್ತಾರೆ. ಆದರೆ ಎಫ್‌ಸಿಗೆ ಗಾಡಿ ಹೋಗುವುದು ತೊಳೆದು, ಬಣ್ಣ ಬಳಿದು, ಬಾಡಿ ಖಾಲಿ ಮಾಡಿಕೊಂಡು. ಮದುವೆಗೆ ಹೆಣ್ಣು ತೋರಿಸಿದ ಹಾಗೆ! ಮಾರನೇ ದಿನ ಅದರ ಮೇಲೆ ಕೂರುವ ಮೂರು ಟನ್ ಜಾಲಿಯನ್ನು ಯಾವ ಇನ್‌ಸ್ಪೆಕ್ಟರೂ ಆವತ್ತು ಕಂಡಿರುವುದಿಲ್ಲ.

ಡ್ರೈವರನನ್ನು ಬೈದರೆ ಮುಗಿಯಿತೆ? ಅವನನ್ನು ಕೇಳಿದರೆ ಫೈನಾನ್ಸ್ ಕಂತು ತೋರಿಸುತ್ತಾನೆ, ಡೀಸೆಲ್ ಬಿಲ್ಲು ತೋರಿಸುತ್ತಾನೆ. ಅದೂ ಸುಳ್ಳಲ್ಲ. ಮೂಲ ಇರುವುದು ವ್ಯಾಪಾರ ನಡೆಯುವ ರೀತಿಯಲ್ಲಿ. ಸೌದೆಯನ್ನು ‘ಲೋಡು’ ಲೆಕ್ಕದಲ್ಲಿ ಕೊಳ್ಳುವ ಕಡೆ ಲೋಡಿಗೆ ಇಷ್ಟು ಅಂತ ಮಾತಾಗುತ್ತದೆ. ಲೋಡು ಅಂದರೆ ಎಷ್ಟು? ಗುಡ್ಡೆ ಎಷ್ಟು ಎತ್ತರವೋ ಅಷ್ಟು. ಎತ್ತರ ಕಡಿಮೆಯಾದರೆ ಹೋಟೆಲ್ ಯಜಮಾನರು ಗಲ್ಲಾಪೆಟ್ಟಿಗೆ ಬಿಟ್ಟು ಆಚೆ ಬಂದು ‘ಏನಪ್ಪಾ, ಹೋದ್ಸಲದಷ್ಟಿಲ್ಲ’ ಅನ್ನುತ್ತಾರೆ. ನಿಯಮದ ಪ್ರಕಾರ ಹೇರಿಕೊಂಡು ಬಂದವನಿಗೆ ಬಾಡಿಗೆ ಖೋತಾ, ಆಕಾಶಕ್ಕೆ ಒಟ್ಟಿಕೊಂಡು ಬಂದವನಿಗೆ ಶಹಬಾಸ್. ಹೀಗಿರುವಾಗ ಯಾವ ಡ್ರೈವರು ತಾನೇ ಕಡಿಮೆ ಹೇರಿಯಾನು?

ಆ ಎತ್ತರದಿಂದ ಯಜಮಾನರಿಗಾದರೂ ಲಾಭವಿದೆಯೆ ಎಂದರೆ, ಅದೂ ಇಲ್ಲ. ನಿನ್ನೆ ಕಡಿದ ಹಸಿ ಸೌದೆಯಲ್ಲಿ ಮೂರನೇ ಒಂದು ಪಾಲಾದರೂ ನೀರು. ಮೂರು ಟನ್ ಹಸಿ ಸೌದೆ ತರಿಸಿದವರು ಒಂದು ಟನ್ ನೀರಿಗೆ ಬಾಡಿಗೆ ಕೊಟ್ಟಂತೆ. ಒಲೆಗಿಟ್ಟ ಮೇಲೆ ಮೊದಲು ಆ ನೀರು ಆವಿಯಾಗಬೇಕು, ಅದಕ್ಕೆ ಉಳಿದ ಸೌದೆಯೇ ಉರಿಯಬೇಕು. ಬೆಂಕಿಗಿಂತ ಹೊಗೆ ಜಾಸ್ತಿ, ಅಡುಗೆಯವನ ಕಣ್ಣು ಕೆಂಪು, ಪಕ್ಕದ ಅಂಗಡಿಯವರ ಬೈಗುಳ. ಮಳೆ ಕಡಿಮೆ ಅಂತ ಹೆಸರಾದ ಜಿಲ್ಲೆ ಇದು. ಕಡಿದ ಜಾಗದಲ್ಲೇ ಎರಡು ಮೂರು ತಿಂಗಳು ಒಟ್ಟಿಟ್ಟರೆ ದುರ್ಗದ ಬಿಸಿಲು ಪುಕ್ಕಟೆ ಒಣಗಿಸಿಕೊಡುತ್ತದೆ. ಅದೇ ಗಾಡಿಯಲ್ಲಿ, ಕಾನೂನಿನ ತೂಕದೊಳಗೇ, ಹೆಚ್ಚು ಬೆಂಕಿ ಊರಿಗೆ ಬರುತ್ತದೆ. ಒಣಸೌದೆಗೆ ಟನ್ನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಚಂದ್ರವಳ್ಳಿಯ ಮಣ್ಣಿಗೆ ತೂಕದ ವ್ಯಾಪಾರ ಹೊಸದೂ ಅಲ್ಲ. ಡಾ. ಎಂ. ಎಚ್. ಕೃಷ್ಣ ಅವರು ಅಗೆಸಿದಾಗ, ಆಮೇಲೆ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ಇಲ್ಲಿ ಶಾತವಾಹನರ ಸೀಸದ ನಾಣ್ಯದ ಜೊತೆಗೆ ರೋಮಿನ ಬೆಳ್ಳಿ ನಾಣ್ಯವೂ ಸಿಕ್ಕಿತು. ಬೆಳ್ಳಿ ನಾಣ್ಯದ ಬೆಲೆ ಅದರ ತೂಕದಲ್ಲಿತ್ತು, ಹೊಳಪಿನಲ್ಲಿ ಅಲ್ಲ. ಎರಡು ಸಾವಿರ ವರ್ಷದ ಹಿಂದಿನವರು ಬೆಳ್ಳಿ ತೂಗಿ ವ್ಯಾಪಾರ ಮಾಡಿದ ಜಾಗದಲ್ಲಿ ಇವತ್ತು ಸೌದೆ ತೂಗುವುದಕ್ಕೆ ಆಲಸ್ಯ!

ಕಾನೂನು ಇಲ್ಲವೆ? ದಂಡಿಯಾಗಿದೆ. 2019ರಲ್ಲಿ ತಿದ್ದುಪಡಿಯಾದ ಕೇಂದ್ರದ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ ಮಿತಿ ಮೀರಿ ಹೇರಿದರೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000, ಇಳಿಸುವ ಖರ್ಚು ಪ್ರತ್ಯೇಕ. ಬಾಡಿಯಿಂದ ಆಚೆ ಚಾಚಿಕೊಂಡರೆ, ಎತ್ತರ ಮೀರಿದರೆ ಅದಕ್ಕೂ 20,000. ತೂಕಕ್ಕೆ ನಿಲ್ಲಿಸದೆ ಓಡಿದರೆ 40,000. ಓಡಿಸಿದವನಷ್ಟೇ ಅಲ್ಲ, ಓಡಿಸಿದವನ ಹಿಂದೆ ನಿಂತು ಓಡಿಸಲು ಬಿಟ್ಟವನೂ ಹೊಣೆ ಎನ್ನುತ್ತದೆ ಆ ಕಲಮು. ಆದರೆ ಕಾನೂನು ಹೆದ್ದಾರಿಯ ಮೇಲೆ ಕಾದು ನಿಂತಿರುತ್ತದೆ, ಸೌದೆ ಗಾಡಿ ಹಳ್ಳಿಯ ಒಳದಾರಿ ಹಿಡಿದು ಊರು ಸೇರುತ್ತದೆ. ಅಪ್ಪಿತಪ್ಪಿ ಸಿಕ್ಕರೂ ‘ಬಡವ ಸ್ವಾಮಿ, ಜಾಲಿ ಸೌದೆ’ ಅನ್ನುವ ಮಾತಿದೆ. ಜಾಲಿ, ನೀಲಗಿರಿ, ಸರ್ವೆ ಮರಗಳನ್ನು ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿಯ ತೊಡಕಿಲ್ಲದಿರುವುದು ಸರಿಯೇ. ಆದರೆ ಮರಕ್ಕೆ ಕೊಟ್ಟ ವಿನಾಯಿತಿ ತೂಕಕ್ಕೆ ಕೊಟ್ಟದ್ದಲ್ಲ. ಗುಡ್ಡೆ ಎತ್ತರವಾದಷ್ಟೂ ಮೇಲೆ ಜಾಲಿಯೋ ಒಳಗೆ ಕಮರವೋ ಹೇಳುವುದು ಕಷ್ಟ. 2015ರಲ್ಲಿ ವನ್ಯಜೀವಿಧಾಮವಾದ ಜೋಗಿಮಟ್ಟಿ ಕಾಡು ಊರಿಗೆ ಇಷ್ಟು ಹತ್ತಿರವಿರುವಾಗ ಅರಣ್ಯ ಇಲಾಖೆಯವರಿಗೂ ಈ ಎತ್ತರದ ಮೇಲೆ ಒಂದು ಕಣ್ಣಿರಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಲೋಡಿನ ನೆತ್ತಿಯ ಮೇಲೆ ಮನುಷ್ಯರನ್ನು ಕೂರಿಸುವುದು. 2025ರ ಜನವರಿ 22ರಂದು ಸವಣೂರಿನ ಹಣ್ಣು ತರಕಾರಿ ವ್ಯಾಪಾರಿಗಳು ಕುಮಟಾ ಸಂತೆಗೆಂದು ಲೋಡಿನ ಜೊತೆಯಲ್ಲೇ ಲಾರಿಯಲ್ಲಿ ಹೊರಟಿದ್ದರು. ಯಲ್ಲಾಪುರದ ಬಳಿ ಲಾರಿ ಕಣಿವೆಗೆ ಉರುಳಿ ಹತ್ತು ಜನ ಸತ್ತರು. ಅಲ್ಲಿ ಇದ್ದದ್ದು ಹಣ್ಣು ತರಕಾರಿ. ಸೌದೆಯ ಗಾಡಿ ಮಗುಚಿದರೆ ಮೇಲಿದ್ದವನ ಮೇಲೆಯೇ ಜಾಲಿ ಬೀಳುತ್ತದೆ. ಆಮೇಲೆ ಇನ್ಶೂರೆನ್ಸ್ ಕೇಳಲು ಹೋದರೆ ಅಲ್ಲಿ ಇನ್ನೊಂದು ಪೇಚು. ಸರಕು ಗಾಡಿಯಲ್ಲಿ ಪುಕ್ಕಟೆ ಹೋಗುವ ಪ್ರಯಾಣಿಕನಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಆಶಾರಾಣಿ ಮೊಕದ್ದಮೆಯಲ್ಲಿ ಹೇಳಿದೆ. ಹಮಾಲ ಗಾಡಿಯ ಕೆಲಸದವನೋ, ದಾರಿಯಲ್ಲಿ ಹತ್ತಿದವನೋ ಎಂದು ವರ್ಷಗಟ್ಟಲೆ ವಾದ ನಡೆಯುತ್ತದೆ, ಹೆಂಡತಿ ಮಕ್ಕಳು ಕೋರ್ಟು ಕಟ್ಟೆಯ ಮೇಲೆ ಕೂತಿರುತ್ತಾರೆ.

ಇದಕ್ಕೆ ಬೆಂಗಳೂರಿನಿಂದ ಆರ್ಡರು ಬರಬೇಕಾಗಿಲ್ಲ. ಲೋಡು ಲೆಕ್ಕ ಬಿಟ್ಟು ಟನ್ ಲೆಕ್ಕ ಹಿಡಿಯುವುದು ಅಂಗಡಿ, ಹೋಟೆಲು, ಬೇಕರಿ ಯಜಮಾನರ ಕೈಯಲ್ಲೇ ಇದೆ. ಗಾಡಿ ಅಂಗಡಿ ಮುಂದೆ ನಿಂತಾಗ ಇಳಿಸುವುದಕ್ಕೆ ಮೊದಲು ವೇಬ್ರಿಡ್ಜಿನ ಚೀಟಿ ಕೇಳುವುದು. ಚೀಟಿಯ ತೂಕ ಆರ್‌ಸಿ ಬುಕ್ಕಿನೊಳಗಿದ್ದರೆ ದುಡ್ಡು, ಮೀರಿದ್ದರೆ ಮೀರಿದ ತೂಕಕ್ಕೆ ದುಡ್ಡಿಲ್ಲ. ಊರಿನ ಹೋಟೆಲಿನವರು, ಬೇಕರಿಯವರು ಒಟ್ಟಿಗೆ ಕೂತು ಈ ಒಂದು ಮಾತಿಗೆ ಬಂದರೆ ಎಂಟು ದಿನದಲ್ಲಿ ಗುಡ್ಡೆ ಇಳಿಯುತ್ತದೆ. ಒಬ್ಬಿಬ್ಬರು ಮಾಡಿದರೆ ಆಗದು, ಗಾಡಿ ಪಕ್ಕದ ಅಂಗಡಿಗೆ ಹೋಗುತ್ತದೆ.

ಆರ್‌ಟಿಓ ಸಾಹೇಬರು, ಪೊಲೀಸಿನವರು ಹೆದ್ದಾರಿ ಬಿಟ್ಟು ವಾರಕ್ಕೊಂದು ಸಂಜೆ ಚಂದ್ರವಳ್ಳಿ ಕಡೆ, ಹೊಳಲ್ಕೆರೆ ರಸ್ತೆ ಕಡೆ ನಿಂತು ನೋಡಲಿ. ತಕ್ಕಡಿ ತರಬೇಕೆಂದೂ ಇಲ್ಲ. ಹಸಿ ಸೌದೆ ಬಾಡಿಯ ಹಲಗೆ ದಾಟಿತ್ತೆ, ಹಿಂದಿನ ದೀಪ ಕಾಣುತ್ತಿತ್ತೆ, ಚಾಚಿದ ತುದಿಗೆ ಕೆಂಪು ಬಟ್ಟೆಯಾದರೂ ಇತ್ತೆ, ನೆತ್ತಿಯ ಮೇಲೆ ಜನ ಇದ್ದರೆ? ಇಷ್ಟು ಕೇಳಲು ಕಣ್ಣು ಸಾಕು, ಅನುಮಾನ ಬಂದ ಗಾಡಿಯನ್ನು ತೂಕಕ್ಕೆ ಕಳಿಸುವ ಅಧಿಕಾರ ಕಾನೂನು ಕೊಟ್ಟೇ ಇದೆ. ಶ್ರಾವಣ ಬಂದರೆ ಮದುವೆ, ಗೃಹಪ್ರವೇಶದ ಸಾಲು. ಆಗ ಒಂದೊಂದು ಮಂಟಪಕ್ಕೂ ಎರಡೆರಡು ಲೋಡು ಬರುತ್ತದೆ, ಮಳೆಗೆ ರಸ್ತೆಯೂ ಜಾರುತ್ತಿರುತ್ತದೆ. ಚೀಟಿ ಕೇಳುವುದನ್ನು ಅಷ್ಟರೊಳಗೆ ಶುರು ಮಾಡಿದರೆ ಒಳ್ಳೆಯದು.