ಗಣಕಯಂತ್ರದ ದೋಷ ಮತ್ತು ನಮ್ಮ ಅವಸರ

'ಅವಸರವೇ ಅಪಘಾತಕ್ಕೆ ಕಾರಣ' ಎಂಬ ಬರಹವನ್ನು ರಸ್ತೆಯ ಬದಿಯಲ್ಲಿ ನಾವೆಲ್ಲರೂ ಓದಿದ್ದೇವೆ. ಗಣಕಯಂತ್ರದ ಮುಂದೆ ಕುಳಿತವನಿಗೂ ಆ ಮಾತು ಸಲ್ಲುತ್ತದೆ ಎಂಬುದು ನನಗೆ ತಿಳಿದುದು ಕಳೆದ ವರ್ಷ, ಅದೂ ತಪ್ಪು ಮಾಡಿದ ಮೇಲೆ.

ನಮ್ಮ ಶಾಲೆಯ ಗಣಕ ಕೊಠಡಿಯ ಯಂತ್ರಗಳು ಹಳೆಯವು. ಒಂದೊಂದರಲ್ಲಿಯೂ 2 ಜಿಬಿ ರ‍್ಯಾಮ್ ಮಾತ್ರ ಇತ್ತು. ಹಳೆವಿದ್ಯಾರ್ಥಿಗಳ ನೆರವಿನಿಂದ ನಾಲ್ಕು ಯಂತ್ರಗಳಿಗೆ 4 ಜಿಬಿಯ ಹೊಸ ರ‍್ಯಾಮ್ ಪಟ್ಟಿಗಳನ್ನು ಸೇರಿಸಿದೆವು. ಮೂರು ಯಂತ್ರಗಳು ಚುರುಕಾದುವು. ನಾಲ್ಕನೆಯದು ಮಾತ್ರ ಕೆಲಸದ ನಡುವೆ ಇದ್ದಕ್ಕಿದ್ದಂತೆ ಸ್ತಬ್ಧವಾಗತೊಡಗಿತು. ಕೆಲವೊಮ್ಮೆ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ವೈರಸ್ ಎಂದರು ಒಬ್ಬರು. ಮಳೆಗಾಲದ ಕರೆಂಟಿನ ಏರಿಳಿತ ಎಂದರು ಇನ್ನೊಬ್ಬರು. ಆಪರೇಟಿಂಗ್ ಸಿಸ್ಟಂ ಕೆಟ್ಟಿದೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕೋಣ ಎಂದವನು ನಾನು. ಹಾಗೆಯೇ ಮಾಡಿದೆವು. ಎಂಟನೆಯ ತರಗತಿಯ ಮಕ್ಕಳು ತಮ್ಮ ಅಜ್ಜಿಯಂದಿರಿಂದ ಕೇಳಿ ಟೈಪು ಮಾಡಿದ್ದ ಒಗಟುಗಳೆಲ್ಲ ಆ ಯಂತ್ರದಲ್ಲಿದ್ದುವು. ಬೇರೆ ಪ್ರತಿ ಇರಲಿಲ್ಲ. ಅದು ನನಗೆ ತಿಳಿದುದು ಎಲ್ಲವೂ ಅಳಿದ ಮೇಲೆ. ಯಂತ್ರವಾದರೋ ಮರುದಿನವೇ ಮತ್ತೆ ನಿಂತಿತು!

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಅಡಕೆ ಬೆಳೆಯುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಅಂಗಳವೂ ಗೊತ್ತು, ಅಟ್ಟವೂ ಗೊತ್ತು. ಗಣಕಯಂತ್ರದ ಹಾರ್ಡ್ ಡಿಸ್ಕ್ ಅಟ್ಟವಿದ್ದಂತೆ. ಇಟ್ಟದ್ದು ಅಲ್ಲಿಯೇ ಇರುತ್ತದೆ. ರ‍್ಯಾಮ್ ಅಂಗಳವಿದ್ದಂತೆ; ಆ ಹೊತ್ತಿನ ಕೆಲಸಕ್ಕೆ ಬೇಕಾದುದನ್ನು ಹರವಿಕೊಳ್ಳುವ ಜಾಗ. ಅಂಗಳದ ಒಂದು ಮೂಲೆಯಲ್ಲಿ ಹೊಂಡವಿದ್ದರೆ, ಅಡಕೆ ಕಡಿಮೆಯಿರುವಾಗ ಅದು ಯಾರ ಗಮನಕ್ಕೂ ಬಾರದು. ಅಂಗಳ ತುಂಬ ಹರವಿದ ದಿನವೇ ಹೊಂಡದ ಸಂಗತಿ ತಿಳಿಯುವುದು. 4 ಜಿಬಿಯ ಒಂದು ಪಟ್ಟಿಯಲ್ಲಿ ಸುಮಾರು 3,436 ಕೋಟಿ ಬಿಟ್‌ಗಳಿವೆ. ಅವುಗಳಲ್ಲಿ ಒಂದೇ ಒಂದು ತಪ್ಪು ನುಡಿದರೂ, ಅದು ಮುಖ್ಯವಾದ ಜಾಗದಲ್ಲಿದ್ದರೆ, ಯಂತ್ರ ನಿಲ್ಲಲು ಅಷ್ಟು ಸಾಕು. ಅಂಗಳದ ಹೊಂಡಕ್ಕೆ ಅಟ್ಟವನ್ನು ಬರಿದುಮಾಡಿದರೆ ಪ್ರಯೋಜನವೇನು? ನಾನು ಮಾಡಿದುದು ಅದನ್ನೇ.

ಅನಂತರ ಒಂಬತ್ತನೆಯ ತರಗತಿಯ ಕೆಲವು ಮಕ್ಕಳು ಮುಂದೆ ಬಂದರು. ಯಂತ್ರ ನಿಂತಾಗಲೆಲ್ಲ ಗಂಟೆ ಎಷ್ಟು, ಯಾವ ಕೆಲಸ ನಡೆದಿತ್ತು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದರು. ಬರಿಯ ಟೈಪು ಮಾಡುವಾಗ ನಿಲ್ಲುವುದಿಲ್ಲ. ಚಿತ್ರಗಳನ್ನು ತೆರೆದು ಜೊತೆಗೆ ವೀಡಿಯೋ ಹಾಕಿದರೆ ನಿಲ್ಲುತ್ತದೆ ಎಂಬುದು ಒಂದೇ ವಾರದಲ್ಲಿ ತಿಳಿಯಿತು. "ಹಾಗಾದರೆ ಎರಡು ಪಟ್ಟಿಗಳನ್ನೂ ಬದಲಿಸಿಬಿಡೋಣ" ಎಂದೆ. "ಒಟ್ಟಿಗೆ ಎರಡನ್ನೂ ಬದಲಿಸಿದರೆ ಯಾವುದರ ತಪ್ಪೆಂದು ಗೊತ್ತಾಗುವುದು ಹೇಗೆ ಮಾಷ್ಟ್ರೇ?" ಎಂದಳು ಒಬ್ಬ ಹುಡುಗಿ. ನನ್ನಲ್ಲಿ ಉತ್ತರವಿರಲಿಲ್ಲ.

ಕರೆಂಟಿನ ಪ್ಲಗ್ಗನ್ನು ಕಿತ್ತು, ಮೈಯಲ್ಲಿರಬಹುದಾದ ಸ್ಥಿರವಿದ್ಯುತ್ತು ಹೋಗಲೆಂದು ಲೋಹದ ಪೆಟ್ಟಿಗೆಯನ್ನು ಮುಟ್ಟಿ, ಪಟ್ಟಿಗಳನ್ನು ಹೊರತೆಗೆದರು. ಎರಡು ತುದಿಯ ಕೊಕ್ಕೆಗಳೂ 'ಟಕ್' ಎನ್ನುವಂತೆ ಮತ್ತೆ ಕೂರಿಸಿದರು. ಸರಿಯಾಗಿ ಕೂರದಿದ್ದರೂ ಇಂಥ ತೊಂದರೆ ಬರುವುದುಂಟು. ಯಂತ್ರ ಮತ್ತೆ ನಿಂತಿತು. ಹಳೆಯ ಪಟ್ಟಿಯನ್ನು ಮಾತ್ರ ಹಾಕಿದರು, ನಿಧಾನವಾದರೂ ನಿಲ್ಲಲಿಲ್ಲ. ಹೊಸದನ್ನು ಮಾತ್ರ ಹಾಕಿದರು; ನಿಂತಿತು. ಹೊಸದನ್ನು ಇನ್ನೊಂದು ಸ್ಲಾಟಿಗೆ ಹಾಕಿದರು, ಆಗಲೂ ನಿಂತಿತು. ಪಕ್ಕದ ಯಂತ್ರದ ಪಟ್ಟಿಯನ್ನು ತಂದು ಅದೇ ಸ್ಲಾಟಿಗೆ ಹಾಕಿದರು, ನಿಲ್ಲಲಿಲ್ಲ. ಕೊನೆಗೆ ಮೆಮ್‌ಟೆಸ್ಟ್ ಎಂಬ ಉಚಿತ ತಂತ್ರಾಂಶದಿಂದ ಹೊಸ ಪಟ್ಟಿಯನ್ನು ಪರೀಕ್ಷಿಸಿದಾಗ ತಪ್ಪುಗಳ ಸಾಲೇ ಕಂಡಿತು. ಅಂಗಡಿಯವರು ಬೇರೆ ಪಟ್ಟಿಯನ್ನು ಕೊಟ್ಟರು. ಯಂತ್ರ ಇಂದಿಗೂ ಓಡುತ್ತಿದೆ.

ಎಲ್ಲ ಸಲವೂ ಹೊಸದರದೇ ತಪ್ಪೆಂದು ತಿಳಿಯಬಾರದು. ಒಂಟಿಯಾಗಿ ಸರಿಯಿರುವ ಎರಡು ಪಟ್ಟಿಗಳು ಜೊತೆಗೂಡಿದಾಗ ಹೊಂದದಿರಬಹುದು. ಡಿಡಿಆರ್3 ಪಟ್ಟಿಗೆ 1.5 ವೋಲ್ಟ್, ಅದರದೇ 'ಎಲ್' ಬಗೆಗೆ 1.35 ವೋಲ್ಟ್, ವೇಗಗಳೂ ಬೇರೆಬೇರೆ. ಆದುದರಿಂದಲೇ ಒಂದೊಂದಾಗಿ ನೋಡಬೇಕು.

ಈ ಘಟನೆಯಿಂದ ನನಗೆ ಮೂಡಿದ ಅಭಿಪ್ರಾಯಗಳು ಎರಡು. ಮೊದಲನೆಯದು: ಗಣಕಯಂತ್ರದ ಪಾಠವೆಂದರೆ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದಷ್ಟೇ ಅಲ್ಲ. ಪ್ರತಿಯೊಂದನ್ನು ಕಾದಿಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಕಂಡುದನ್ನು ಬರೆದಿಡುವುದು, ಅನಂತರ ತೀರ್ಮಾನಿಸುವುದು. ಈ ಕ್ರಮವನ್ನು ಕಲಿಸಬೇಕು. ಮನುಷ್ಯರ ಮೇಲೆ ತಪ್ಪು ಹೊರಿಸುವ ಮೊದಲೂ ಇದು ಬೇಕಾದ ಕ್ರಮ.

ಎರಡನೆಯದು: "ಕಂಪ್ಯೂಟರು ಕಲಿಯಬೇಕಲ್ಲ ಮಾಷ್ಟ್ರೇ, ಕನ್ನಡ ಮಾಧ್ಯಮದಲ್ಲಿ ಹೇಗೆ?" ಎಂದು ಮಕ್ಕಳನ್ನು ಬಿಡಿಸಿಕೊಂಡು ಹೋಗುವ ಹೆತ್ತವರಿದ್ದಾರೆ. ನಾನೂ ಹತ್ತನೆಯ ತನಕ ಕನ್ನಡದಲ್ಲಿ, ಮುಂದೆ ಇಂಗ್ಲಿಷಿನಲ್ಲಿ ಓದಿದವನು. ಪರದೆಯ ಮೇಲಿನ ಇಂಗ್ಲಿಷ್ ಸೂಚನೆಯನ್ನು ಓದಲು ಇಂಗ್ಲಿಷ್ ಬೇಕೇ ಬೇಕು. ಅದನ್ನು ಚೆನ್ನಾಗಿ ಕಲಿಸುವುದು ನಮ್ಮ ಹೊಣೆ. ಆದರೆ ಆ ನೋಟುಪುಸ್ತಕವನ್ನು ಹೆತ್ತವರು ಒಮ್ಮೆ ನೋಡಲಿ. ರ‍್ಯಾಮ್, ಸ್ಲಾಟ್ ಎಂಬ ಪದಗಳು ಅಲ್ಲಿ ಸಂಕೋಚವಿಲ್ಲದೆ ಕುಳಿತಿವೆ. 'ಏಕೆ', 'ಹಾಗಾದರೆ', 'ಆದುದರಿಂದ' ಎಂಬವು ಮಾತ್ರ ಅಚ್ಚ ಕನ್ನಡದಲ್ಲಿವೆ. ದೋಷವನ್ನು ಕಂಡುಹಿಡಿದುದು ಈ ಮೂರು ಪದಗಳೇ.

ಒಗಟುಗಳನ್ನು ಮಕ್ಕಳು ಮತ್ತೆ ಸಂಗ್ರಹಿಸುತ್ತಿದ್ದಾರೆ. ಹಲವು ಸಿಕ್ಕಿವೆ, ಎಲ್ಲವೂ ಸಿಕ್ಕಿಲ್ಲ. ಈ ಬಾರಿ ಎರಡು ಕಡೆ ಪ್ರತಿ ಇರಿಸಿದ್ದೇವೆ. ವಿದ್ಯಾರ್ಥಿಗಳೇ, ನಿಮ್ಮ ಮಾಷ್ಟ್ರು ತಡವಾಗಿ ಕಲಿತ ಪಾಠವನ್ನು ನೀವು ಬೇಗನೆ ಕಲಿಯಿರಿ.