ದೋಣಿಯ ಬಣ್ಣವೂ ನಮ್ಮ ಗಣೇಶನ ಬಣ್ಣವೂ



ಗಣೇಶನ ಹಬ್ಬಕ್ಕೆ ಚಂದಾ ಎತ್ತುವ ಮಾತು ನಮ್ಮ ಹುಡುಗರಲ್ಲಿ ಆಗಲೇ ಶುರುವಾಗಿದೆ. ಗೌರಿಬಿದನೂರಿನಿಂದ ತರೋಣ ಅಂತ ಕೆಲವರು, ಹಿಂದೂಪುರದಲ್ಲಿ ಇನ್ನೂ ದೊಡ್ಡದು ಸಿಗುತ್ತೆ ಅಂತ ಕೆಲವರು. ಎಲ್ಲಿಂದಾದರೂ ತನ್ನಿ, ಬಣ್ಣ ಬಳಿದದ್ದು ಮಾತ್ರ ಬೇಡ ಎಂಬುದು ನನ್ನ ಅಭಿಪ್ರಾಯ. ಕಾರಣ ಹೇಳಬೇಕಾದರೆ ಸಮುದ್ರದವರೆಗೂ ಹೋಗಿ ಬರಬೇಕು.

ನೀರಲ್ಲೇ ಇರುವ ದೋಣಿಯ ತಳಕ್ಕೆ ಪಾಚಿ, ಚಿಪ್ಪಿನ ಹುಳುಗಳು ಅಂಟಿ ಬೆಳೆಯುತ್ತವೆ. ಆಗ ದೋಣಿ ಬೇಗ ಸಾಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ. ಅದಕ್ಕೇ ತಳಕ್ಕೆ ವಿಷ ಬೆರೆಸಿದ ಬಣ್ಣ ಬಳಿಯುತ್ತಾರೆ. ನಮ್ಮ ರಾಜ್ಯದ ಮಲ್ಪೆ, ಮಂಗಳೂರು ಕಡೆ ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ದೋಣಿ ರಿಪೇರಿ ಮಾಡಿ ಬಣ್ಣ ಬಳಿಯುವ ಕಾಲ ಅದು. ಈ ಬಣ್ಣದ ಕೆಲಸವೇ ಸ್ವಲ್ಪ ಸ್ವಲ್ಪವಾಗಿ ನೀರಿಗೆ ವಿಷ ಬಿಡುವುದು. ಬಿಡದಿದ್ದರೆ ಹುಳು ಸಾಯೋದಿಲ್ಲ!

ಮೊದಲು ಇಂಥ ಬಣ್ಣಕ್ಕೆ ತವರದಿಂದ ಮಾಡಿದ ಟಿಬಿಟಿ ಎಂಬ ರಾಸಾಯನಿಕ ಸೇರಿಸುತ್ತಿದ್ದರು. ಫ್ರಾನ್ಸ್ ದೇಶದಲ್ಲಿ ಆರ್ಕಾಶೋನ್ ಅಂತ ಒಂದು ಹಿನ್ನೀರು ಇದೆ. ಸಮುದ್ರಕ್ಕೆ ಸೇರುವ ಅದರ ಬಾಯಿ ಕಿರಿದು. ಅಲ್ಲಿನ ಜನ ತಿನ್ನುವ ಕಪ್ಪೆಚಿಪ್ಪು ಸಾಕಿ ಬದುಕುವವರು. 1970ರ ದಶಕದ ಕೊನೆಗೆ ಚಿಪ್ಪುಗಳು ದಪ್ಪಗೆ, ವಕ್ರವಾಗಿ ಬೆಳೆಯತೊಡಗಿದವು, ಮರಿಗಳೇ ಉಳಿಯಲಿಲ್ಲ. ಕಾರಣ ದೊಡ್ಡ ಹಡಗಲ್ಲ, ಅಲ್ಲಿ ನಿಲ್ಲಿಸಿದ್ದ ಸಣ್ಣ ಸಣ್ಣ ದೋಣಿಗಳ ಬಣ್ಣ. 1982ರಲ್ಲಿ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಈ ಬಣ್ಣ ನಿಷೇಧ ಮಾಡಿದರು, ಮರಿಗಳು ಮತ್ತೆ ಬಂದವು. ಬೇರೆ ಕಡೆ ಹೆಣ್ಣು ಸಮುದ್ರ ಬಸವನಹುಳುಗಳಿಗೆ ಗಂಡಿನ ಅಂಗ ಬೆಳೆದು ಮೊಟ್ಟೆ ಇಡಲು ಆಗದೇ ಹೋಯಿತು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ ಒಂದು ಪಾಲನ್ನು ಒಂದು ಲೀಟರಿಗೆ ಹಾಕಿದರೂ ಸಾಕಂತೆ! 2008ರಿಂದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಡಗುಗಳಿಗೂ ಟಿಬಿಟಿ ಇಲ್ಲ. ಈಗ ಹೆಚ್ಚಾಗಿ ತಾಮ್ರದ ಬಣ್ಣ. ಅದೂ ವಿಷವೇ, ಸ್ವಲ್ಪ ಕಡಿಮೆ ಅಷ್ಟೆ.

ಇನ್ನು ನಮ್ಮ ಕೆರೆಗೆ ಬರೋಣ. ನಮ್ಮೂರಿನ ಹೆಸರಲ್ಲೇ ಕೆರೆ ಇದೆ. ಆರ್ಕಾಶೋನ್‌ಗೆ ಕಿರಿದಾದರೂ ಒಂದು ಬಾಯಿ ಇದೆ. ನಮ್ಮ ಕಡೆಯ ಕೆರೆಗಳು ಕೋಡಿ ಬಿದ್ದರೆ ಉಂಟು, ಇಲ್ಲದಿದ್ದರೆ ಬಿದ್ದದ್ದೆಲ್ಲ ಅಲ್ಲೇ. ಹೊಳೆಯುವ ಹಳದಿ, ಕೇಸರಿ ಬಣ್ಣಕ್ಕೆ ಸೀಸ ಮತ್ತು ಕ್ರೋಮಿಯಂ ಸೇರಿದ ಪುಡಿ ಬಳಸುವುದು ಹಳೇ ರೂಢಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಅಂತ 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಆದರೆ ಗಣೇಶನಿಗೆ ಬಳಿದ ಡಬ್ಬಿ ಯಾವುದು ಅಂತ ಯಾರು ನೋಡ್ತಾರೆ? ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಹೂಳಿನಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ಆ ಹೂಳನ್ನೇ ಟ್ರ್ಯಾಕ್ಟರಿಗೆ ತುಂಬಿ ರಾಗಿ ಹೊಲಕ್ಕೆ ಹೊಡೀತೀವಿ. ದನ, ಕುರಿ ಕುಡಿಯುವುದೂ ಅದೇ ನೀರು.

‘ಒಂದು ಗಣೇಶನಿಂದ ಏನಾಗುತ್ತೋ?’ ಅಂತ ನೀವು ನಗಬಹುದು. ಆರ್ಕಾಶೋನ್‌ನಲ್ಲೂ ಒಬ್ಬೊಬ್ಬರದು ಒಂದೇ ದೋಣಿ. ನಮ್ಮಲ್ಲಿ ಬೀದಿಗೊಂದು ಗಣೇಶ, ಮನೆಗೊಂದು ಗಣೇಶ, ವರ್ಷ ವರ್ಷ ಅದೇ ಕೆರೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಯನ್ನು ಕೆರೆಗೆ ಬಿಡಬಾರದು ಅಂತ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ಆದೇಶ ಮಾಡಿದೆ. ಮಣ್ಣಿನದ್ದು ಅಂತ ಹೇಳಿ ಮೇಲೆ ಎಣ್ಣೆ ಬಣ್ಣ ಬಳಿದು ಮಾರಿದರೆ ಏನು ಬಂತು? ನನಗೆ ಕೇಳಿದರೆ ಜೇಡಿಮಣ್ಣಿನ ಗಣೇಶನೇ ಚೆಂದ. ಬಣ್ಣ ಬೇಕೇ ಬೇಕು ಅಂದರೆ ಕೆಮ್ಮಣ್ಣು, ಸುಣ್ಣ, ಮನೆಯಲ್ಲಿ ಕುಟ್ಟಿದ ಅರಿಶಿನ ಇದೆ. ಅಂಗಡಿಯ ಕುಂಕುಮ ಬೇಡ, ಅದರಲ್ಲೂ ಏನು ಬೆರೆಸಿರುತ್ತಾರೋ.

ಚಂದಾ ಲೆಕ್ಕ ಹಿಡಿದಿರುವ ಅಣ್ಣಂದಿರೇ, ಅಡ್ವಾನ್ಸ್ ಕೊಡುವ ಮೊದಲು ಒಂದು ಸಲ ತರಗತಿಯಲ್ಲಿ ಎಲ್ಲರನ್ನೂ ಕೇಳಿ. ಮಣ್ಣಿನಲ್ಲೇ ಮಾಡೋಣ ಅಂತಾದರೆ ಮಣ್ಣು ಸೋಸಿ ಕಲಸೋಕೆ ನಾನು ಬರ್ತೀನಿ. ಸೊಂಡಿಲು ಮಾಡೋಕೆ ಮಾತ್ರ ಡ್ರಾಯಿಂಗ್ ಚೆನ್ನಾಗಿರೋರು ಯಾರಾದರೂ ಬೇಕು.